ಎನ್‌ಎಚ್ 48ರಲ್ಲಿ ವಾಹನ ತಡೆಯುವ ಪೊಲೀಸರು ಎಲ್ಲಿ ನಿಲ್ಲಬೇಕು? ಅಳತೆ ಸಮೇತ ಹೇಳಿ

ಭರಮಸಾಗರ_48 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಿಂದ ಹರಿಹರದವರೆಗಿನ ಹೆದ್ದಾರಿ ಡ್ಯೂಟಿಗೆ ಹೊಸದಾಗಿ ಬರುವ ಕಾನ್‌ಸ್ಟೇಬಲ್ ಮತ್ತು ಹೋಂಗಾರ್ಡ್‌ಗಳಿಗೆ ಅರ್ಧ ದಿನದ ಪಾಠ ಸಿದ್ಧ ಮಾಡಬೇಕಾಗಿದೆ. ವಿಷಯ: ವಾಹನ ತಡೆದು ತಪಾಸಣೆ ಮಾಡುವಾಗ ಸಿಬ್ಬಂದಿಯ ಜೀವಕ್ಕೆ ಬರುವ ಅಪಾಯ. ಕೈಗೆ ಸಿಗುವ ಟಿಪ್ಪಣಿಗಳೆಲ್ಲ ಅಮೆರಿಕದವು. ಅಲ್ಲಿ ಓಡಾಟ ಬಲಗಡೆ, ಚಾಲಕ ಕೂರುವುದು ಎಡಕ್ಕೆ, ಮೊದಲ ಭಯ ಬಂದೂಕಿನದು. ಅದನ್ನೇ ಕನ್ನಡಕ್ಕೆ ಇಳಿಸಿ ಇಲ್ಲಿ ಹೇಳಿಕೊಟ್ಟರೆ ಹುಡುಗರು ತಪ್ಪು ಕಡೆ ನಿಂತುಬಿಡ್ತಾರೆ.

ಜೀಪ್ ಎಲ್ಲಿ ನಿಲ್ಲಿಸಬೇಕು, ಎಷ್ಟು ಅಂತರ ಬಿಟ್ಟು? ಚಾಲಕನ ಹತ್ತಿರ ಯಾವ ಕಡೆಯಿಂದ ಹೋಗಬೇಕು? ಕೋನ್ ಎಷ್ಟು ಬೇಕು? ರಾತ್ರಿ ಏನು ಬದಲಾಗುತ್ತೆ? ನಿಲ್ಲಿಸದೆ ಹೋದವನನ್ನು ಏನು ಮಾಡಬೇಕು? "ಜಾಗ್ರತೆ ವಹಿಸಿ" ಅನ್ನುವ ಉತ್ತರ ದಯವಿಟ್ಟು ಬೇಡ.

ಕೋಟೆ_ಕಾವಲು:

ಸರ್, ಜಾಗದಿಂದ ಶುರು ಮಾಡಿ. ಜಾಗ ತಪ್ಪಿದರೆ ಜಾಕೆಟ್, ಕೋನ್, ಲೈಟ್ ಯಾವುದೂ ಕಾಯಲ್ಲ. ನಮ್ಮ ರಸ್ತೆಯಲ್ಲಿ ಪೊಲೀಸರಿಗೆ ಅಪಾಯ ಬರುವುದು ಹೆಚ್ಚಾಗಿ ತಡೆದ ವಾಹನದಿಂದಲ್ಲ, ಅದರ ಹಿಂದೆ ಬರ್ತಿರೋ ಇನ್ನೊಂದರಿಂದ.

ಲೆಕ್ಕ ನೋಡಿ. 80 ಕಿ.ಮೀ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಓಡುತ್ತೆ, 100ರಲ್ಲಿ ಸುಮಾರು 28 ಮೀಟರ್. ರಸ್ತೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಚಾಲಕ ಕಂಡು, ಯೋಚಿಸಿ, ಬ್ರೇಕ್ ತುಳಿಯೋಕೆ 2.5 ಸೆಕೆಂಡ್. ಅದೂ ಸೇರಿ ಪೂರ್ತಿ ನಿಲ್ಲೋಕೆ 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್ ಬೇಕು. ಹಾಗಾಗಿ ಹಿಂದಕ್ಕೆ ತಿರುಗಿ ನೋಡಿದಾಗ ಕನಿಷ್ಠ 200 ಮೀಟರ್ ರಸ್ತೆ ನೇರವಾಗಿ ಕಾಣದ ಕಡೆ ವಾಹನ ತಡೆಯಲೇಬಾರದು. ಅಳೆಯೋಕೆ ಟೇಪ್ ಬೇಡ, ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರ್‌ಗೊಂದು ಚಿಕ್ಕ ಕಲ್ಲು ಇರುತ್ತೆ. ಹಿಂದಿನ ಕಲ್ಲಿನ ಹತ್ತಿರ ಬರುವ ಲಾರಿಯ ಚಕ್ರ ಕಾಣಬೇಕು. ಬರೀ ಕ್ಯಾಬಿನ್ ತಲೆ ಕಂಡರೆ ನಡುವೆ ಏರು ಇದೆ ಅಂತ ಅರ್ಥ, ಆ ಜಾಗ ಬಿಡಿ.

ಚಿತ್ರದುರ್ಗದ ಸುತ್ತಮುತ್ತ ರಸ್ತೆ ಏರಿಳಿತದ್ದು. ದಿಬ್ಬ ಹತ್ತಿ ಇಳಿಯುವ ಕಡೆ, ಫ್ಲೈಓವರ್ ಇಳಿಜಾರು ಮುಗಿಯುವ ಕಡೆ, ಸರ್ವಿಸ್ ರಸ್ತೆ ಬಂದು ಸೇರುವ ಬಾಯಿ, ಹಗಲು ಮರದ ದಟ್ಟ ನೆರಳು: ಈ ನಾಲ್ಕು ಕಡೆ ನಿಲ್ಲಬೇಡಿ. ಫ್ಲೈಓವರ್ ಕೆಳಗೆ ನೆರಳಿದೆ ಅಂತ ಹೋಗಿ ನಿಲ್ಲೋದು ಎಲ್ಲರ ಅಭ್ಯಾಸ. ಬಿಸಿಲಿಂದ ಬರುವ ಚಾಲಕನ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋದರೊಳಗೆ ಗಾಡಿ ನಿಮ್ಮ ಮೈಮೇಲೆ ಇರುತ್ತೆ. ಕೊಯ್ಲಿನ ಕಾಲದಲ್ಲಿ ಇನ್ನೊಂದು ಸೇರುತ್ತೆ: ಸರ್ವಿಸ್ ರಸ್ತೆ ಮೇಲೆ ಮೆಕ್ಕೆಜೋಳ ಒಣಗೋಕೆ ಹಾಕಿರ್ತಾರೆ, ಬೈಕುಗಳೆಲ್ಲ ಮುಖ್ಯ ರಸ್ತೆಯ ಅಂಚಿಗೆ ಬಂದಿರ್ತವೆ, ನೀವು ನಿಲ್ಲಿಸುವ ಜಾಗಕ್ಕೇ. ಜೋಳದ ಕಾಳು ಡಾಂಬರಿನ ಮೇಲೆ ಚೆಲ್ಲಿದ್ದರೆ ಬ್ರೇಕೂ ಹಿಡಿಯಲ್ಲ.

ಬಿಸಿಲಿನ ದಿಕ್ಕು ಯಾರೂ ಹೇಳಿಕೊಡಲ್ಲ, ಇದನ್ನ ನಿಮ್ಮ ಪಾಠಕ್ಕೆ ಸೇರಿಸಿ. ದುರ್ಗದಿಂದ ದಾವಣಗೆರೆಗೆ ಹೆದ್ದಾರಿ ಒಟ್ಟಾರೆ ಪಶ್ಚಿಮ-ವಾಯವ್ಯಕ್ಕೆ ಹೋಗುತ್ತೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಆಗ್ನೇಯಕ್ಕೆ ವಾಲಿ ಹುಟ್ಟೋದರಿಂದ ಬೆಂಗಳೂರು ಕಡೆ ಹೋಗುವವರಿಗೆ ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ. ಮೇ, ಜೂನ್ ಸಂಜೆ ಅದೇ ಕಷ್ಟ ದಾವಣಗೆರೆ ಕಡೆ ಹೋಗುವವರಿಗೆ. ಆ ಒಂದು ಗಂಟೆ ಎದುರಿನ ಬದಿಯ ರಸ್ತೆಯಲ್ಲಿ ತಪಾಸಣೆ ಇಟ್ಟುಕೊಳ್ಳಿ. ನಿಮಗೆ ಚಾಲಕ ಚೆನ್ನಾಗಿ ಕಾಣ್ತಿದ್ದಾನೆ ಅಂದರೆ ಬಿಸಿಲು ನಿಮ್ಮ ಬೆನ್ನಿಗಿದೆ, ಅವನಿಗೆ ನೀವು ಕಾಣ್ತಿಲ್ಲ.

ಇನ್ನು ಜೀಪ್. ತಡೆದ ವಾಹನ ರಸ್ತೆಯ ಅಂಚಿನ ಬಿಳಿ ಗೆರೆ ದಾಟಿ ಎಡಕ್ಕೆ ಪೂರ್ತಿ ಹೋಗಿರಬೇಕು. ಅರ್ಧ ಚಕ್ರ ಓಡುವ ಲೇನಿನ ಮೇಲಿದ್ದರೆ ಮಾತು ಶುರು ಮಾಡದೆ ಇನ್ನೂ ಮುಂದಕ್ಕೆ, ಅಗಲವಿರುವ ಕಡೆಗೆ ಕಳಿಸಿ. ಜೀಪು ಅದರ ಹಿಂದೆ 6ರಿಂದ 8 ಮೀಟರ್ ಬಿಟ್ಟು, ಅದಕ್ಕಿಂತ ಅರ್ಧದಿಂದ ಒಂದು ಮೀಟರ್ ಬಲಕ್ಕೆ ಸರಿದು ನಿಲ್ಲಲಿ, ಆದರೆ ಬಿಳಿ ಗೆರೆಯೊಳಗೇ. ಅಷ್ಟು ಅಗಲ ಇಲ್ಲದಿದ್ದರೆ ಅದು ತಡೆಯುವ ಜಾಗವೇ ಅಲ್ಲ. ಹೀಗೆ ಸರಿದು ನಿಂತರೆ ಮುಂದಿನ ವಾಹನದ ಪಕ್ಕ ಒಂದು ಮರೆ ಸಿಗುತ್ತೆ. ಎರಡು ವಾಹನಗಳ ನಡುವಿನ ಆ 6–8 ಮೀಟರ್ ಸಂದಿಯಲ್ಲಿ ಯಾರೂ ನಿಲ್ಲಬಾರದು, ದಾಟಲೂಬಾರದು. ಹಿಂದಿನಿಂದ ಗುದ್ದಿದರೆ ಜೀಪು ಮುಂದಕ್ಕೆ ಹಾರೋದು ಅಲ್ಲಿಗೇ. ನಂಬರ್ ಪ್ಲೇಟ್ ಬರೆದುಕೊಳ್ಳೋಕೆ, ಚಲನ್ ಮಷಿನ್ ಒತ್ತೋಕೆ ಆ ಸಂದಿಯಲ್ಲೇ ನಿಲ್ಲೋದನ್ನ ದಿನಾ ನೋಡ್ತೀವಿ.

ಚಾಲಕನ ಹತ್ತಿರ ಎಡಗಡೆಯಿಂದ ಹೋಗಿ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿದೆ, ಅಂದರೆ ಚಾಲಕನ ಕಿಟಕಿ ಹತ್ತಿರ ನಿಂತವನ ಬೆನ್ನು ಓಡುವ ಲೇನಿಗೆ. ಎಡ ಕಿಟಕಿ ಇಳಿಸೋಕೆ ಹೇಳಿ ಅಲ್ಲಿಂದ ಮಾತಾಡಿ. ಚಾಲಕನನ್ನು ಇಳಿಸಲೇಬೇಕಾದರೆ ಹಿಂದೆ ನೋಡಿ ಇಳಿಯೋಕೆ ಹೇಳಿ, ಅವನ ವಾಹನದ ಮುಂಭಾಗದಿಂದ ಸುತ್ತಿಸಿ ಎಡಕ್ಕೆ ಕರೆದುಕೊಳ್ಳಿ. ಇಂಜಿನ್ ಮೊದಲು ಆಫ್ ಆಗಿರಬೇಕು.

ಮೂರು ಜನ ಇದ್ದರೆ ಒಬ್ಬನಿಗೆ ಬರೋ ವಾಹನ ನೋಡೋದು ಬಿಟ್ಟು ಬೇರೆ ಕೆಲಸ ಕೊಡಬೇಡಿ. ದಾಖಲೆ ನೋಡೋದು ಅವನದಲ್ಲ, ಫೋನ್ ಅಂತೂ ಅಲ್ಲವೇ ಅಲ್ಲ. ಇಬ್ಬರೇ ಇದ್ದರೆ ಒಂದು ಸಲಕ್ಕೆ ಒಂದೇ ವಾಹನ. ಮೂರು ಬೈಕು ನಿಲ್ಲಿಸಿಕೊಂಡು ಸಾಲು ಹಚ್ಚಿದರೆ ಕಾವಲು ಹೋಯ್ತು ಅಂತಲೇ ತಿಳಿಯಿರಿ.

ರೆಟ್ರೋ_ಪಟ್ಟಿ:

ಮೇಲಿನವರು ಹೇಳಿದ್ದಕ್ಕೆ ರಾತ್ರಿಯ ಭಾಗ ಸೇರಿಸ್ತೀನಿ.

ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತು ಇವೆ, ಹೊಸಬರಿಗೆ ಇದು ಗೊತ್ತಿರಲ್ಲ. ಹಳದಿ-ಹಸಿರು ಹೊಳೆಯುವ ಬಟ್ಟೆ ಬಿಸಿಲಿನ ನೇರಳಾತೀತ ಕಿರಣ ಹಿಡಿದು ಹೊಳೆಯುತ್ತೆ, ಸಂಜೆ ಆರೂವರೆ ಮೇಲೆ ಅದರ ಕೆಲಸ ಮುಗೀತು. ರಾತ್ರಿ ಕೆಲಸ ಮಾಡೋದು ಬೂದು ಪಟ್ಟಿ ಮಾತ್ರ, ಹೆಡ್‌ಲೈಟ್ ಬೆಳಕನ್ನ ಬಂದ ಕಡೆಗೇ ತಿರುಗಿಸೋದು. ಐಎಸ್‌ಒ 20471 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪಟ್ಟಿ ಕನಿಷ್ಠ 50 ಮಿ.ಮೀ ಅಗಲ ಇರಬೇಕು. ಅದರ 2ನೇ ದರ್ಜೆಗೆ ಒಟ್ಟು 0.13 ಚದರ ಮೀಟರ್ ಪಟ್ಟಿ, 3ನೇ ದರ್ಜೆಗೆ 0.20. ಬರೀ ಎದೆ ಮೇಲೆ ಎರಡು ತೆಳು ಗೆರೆ ಇರುವ ಅಗ್ಗದ ಬನಿಯನ್ ಜಾಕೆಟ್ ಇದರ ಹತ್ತಿರಕ್ಕೂ ಬರಲ್ಲ.

ಹಣ ಇದ್ದರೆ ಕಾಲಿಗೂ ಕೈಗೂ ಪಟ್ಟಿ ಕೊಡಿಸಿ. ಎದೆ ಮೇಲಿನ ಪಟ್ಟಿ ಅಲುಗಾಡಲ್ಲ, ದೂರದ ಚಾಲಕನಿಗೆ ಅದು ಮೈಲಿಗಲ್ಲೋ, ಬ್ಯಾರಿಕೇಡೋ, ಮನುಷ್ಯನೋ ಗೊತ್ತಾಗಲ್ಲ. ಮೊಣಕಾಲು, ಪಾದದ ಹತ್ತಿರ ಪಟ್ಟಿ ಇದ್ದರೆ ನಡಿಗೆಯ ಚಲನೆ ಕಂಡು ತಕ್ಷಣ ಮನುಷ್ಯ ಅಂತ ಗುರುತು ಹಿಡೀತಾರೆ. ಡಿಮ್ ಲೈಟಿನಲ್ಲಿ ಗಾಢ ಬಣ್ಣದ ಬಟ್ಟೆಯವನು 30–40 ಮೀಟರ್ ಹತ್ತಿರ ಬರೋವರೆಗೂ ಕಾಣದೇ ಹೋಗಬಹುದು. 80ರಲ್ಲಿ ಬರುವವನಿಗೆ ನಿಲ್ಲೋಕೆ 120 ಬೇಕು ಅಂತ ಮೇಲೆ ಓದಿದಿರಲ್ಲ.

ಕೆಡೋದು ಹೇಗೆ: ಧೂಳು, ಎಣ್ಣೆ, ತಿಕ್ಕಿ ಒಗೆಯೋದು, ಮಡಚಿ ಸೀಟಿನ ಕೆಳಗೆ ತುರುಕೋದು. ಅದಿರು ಲಾರಿ ಓಡುವ ಭೀಮಸಮುದ್ರ, ಹೊಳಲ್ಕೆರೆ ಕಡೆ ಕೆಂಪು ಧೂಳು ಒಂದು ವಾರಕ್ಕೇ ಪಟ್ಟಿ ಮುಚ್ಚಿಬಿಡುತ್ತೆ. ಬ್ರಷ್ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನೇತು ಹಾಕಿ ಇಡಿ. ಪರೀಕ್ಷೆ ಸುಲಭ: ಕತ್ತಲಲ್ಲಿ ಜಾಕೆಟ್ ತೂಗುಹಾಕಿ 30 ಹೆಜ್ಜೆ ದೂರ ಹೋಗಿ, ಟಾರ್ಚನ್ನ ಕಣ್ಣಿನ ಮಟ್ಟದಲ್ಲಿ ಕಿವಿ ಪಕ್ಕ ಹಿಡಿದು ಬಿಡಿ. ಹೊಸ ಜಾಕೆಟ್ ಪಕ್ಕದಲ್ಲೇ ಇಟ್ಟರೆ ವ್ಯತ್ಯಾಸ ಕಣ್ಣಿಗೆ ರಾಚುತ್ತೆ. ಟಾರ್ಚ್ ಸೊಂಟದ ಹತ್ತಿರ ಹಿಡಿದರೆ ಬೆಳಕು ಟಾರ್ಚಿಗೇ ವಾಪಸ್ ಹೋಗುತ್ತೆ, ಕಣ್ಣಿಗೆ ಬರಲ್ಲ. ಆಗ ಒಳ್ಳೆ ಜಾಕೆಟ್ಟನ್ನೂ ಹಾಳಾಗಿದೆ ಅಂತ ಎಸೀತೀರಿ.

ಜೀಪಿನ ಕೆಂಪು-ನೀಲಿ ದೀಪದ ವಿಷಯ. ಇದ್ದಷ್ಟೂ ಒಳ್ಳೆಯದು ಅಂತ ನಂಬಿಕೆ ಇದೆ. ಹಗಲು ಸರಿ. ರಾತ್ರಿ ಅದು ಬರುವವನ ಕಣ್ಣು ಕೋರೈಸಿ ಪಕ್ಕದಲ್ಲಿ ನಿಂತ ಮನುಷ್ಯನನ್ನೇ ಮರೆ ಮಾಡುತ್ತೆ. ಜೀಪು ಇದೆ ಅನ್ನೋದು ಎಲ್ಲರಿಗೂ ಕಾಣುತ್ತೆ, ನೀವು ಇದ್ದೀರಿ ಅನ್ನೋದು ಕಾಣಲ್ಲ. ದೀಪಕ್ಕೆ ರಾತ್ರಿಯ ಕಡಿಮೆ ಬೆಳಕಿನ ಸ್ವಿಚ್ ಇದ್ದರೆ ಹಾಕಿ. ಜೀಪು ಬರುವ ವಾಹನಗಳಿಗೆ ಎದುರಾಗಿ ನಿಂತಿದ್ದರೆ ಹೆಡ್‌ಲೈಟ್ ಆರಿಸಿ. ಆಮೇಲೆ, ದೀಪದ ಬೆಳಕಿನ ಗೂಡಿನಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿ. ಬ್ಯಾಟನ್ ಲೈಟ್ (ಕೈಯಲ್ಲಿ ಹಿಡಿಯುವ ಕೋಲಿನಂಥ ದೀಪ) ಮೊಣಕಾಲಿನಿಂದ ಭುಜದವರೆಗೆ ನಿಧಾನವಾಗಿ ಆಡಿಸಬೇಕು. ಬಿಳಿ ಟಾರ್ಚ್ ಚಾಲಕನ ಮುಖಕ್ಕೆ ಬಿಡೋದು ಶುದ್ಧ ದಡ್ಡತನ, ಅವನು ಕುರುಡಾಗಿ ನಿಮ್ಮ ಕಡೆಗೇ ಬರ್ತಾನೆ.

ಹದಿನಾರು_ಚಕ್ರ:

ಅಣ್ಣಂದಿರೇ, ಲಾರಿ ಸೀಟಿನಿಂದ ಹೇಗೆ ಕಾಣುತ್ತೆ ಅನ್ನೋದನ್ನೂ ಬರೆದುಕೊಳ್ಳಿ.

ಕ್ಯಾಬಿನ್ ಎತ್ತರ ಇರೋದರಿಂದ ಮುಂದಿನ ಬಂಪರಿಗೆ ಅಂಟಿ ನಿಂತವರು, ಎಡಬಾಗಿಲ ಪಕ್ಕ ಇರುವವರು ಡ್ರೈವರ್‌ಗೆ ಕಾಣಲ್ಲ. ಅದಕ್ಕೇ ಕ್ಲೀನರ್ ಇರೋದು, ಈಗ ಎಷ್ಟೋ ಗಾಡಿಯಲ್ಲಿ ಕ್ಲೀನರೇ ಇಲ್ಲ. ಲಾರಿಗೆ ಎಡಗಡೆಯಿಂದ ಬನ್ನಿ, ಸರಿ. ಆದರೆ ಬಾಗಿಲಿನಿಂದ ಮೂರು ಮೀಟರ್ ದೂರ, ಸ್ವಲ್ಪ ಮುಂದಕ್ಕೆ ನಿಂತು ಮಾತಾಡಿಸಿ, ಡ್ರೈವರ್ ಕಣ್ಣು ನಿಮಗೆ ಕಾಣೋ ಹಾಗೆ. ಫುಟ್‌ಬೋರ್ಡ್ ಹತ್ತಬೇಡಿ, ಕನ್ನಡಿ ಹಿಡಿದು ನೇತಾಡಬೇಡಿ. ಗಾಡಿ ಇಳಿಜಾರಿನಲ್ಲಿದ್ದು ಹ್ಯಾಂಡ್ ಬ್ರೇಕ್ ಹಾಕಿರದಿದ್ದರೆ ಯಾರ ಉದ್ದೇಶ ಇಲ್ಲದೆಯೂ ಉರುಳುತ್ತೆ. "ಪಾರ್ಕಿಂಗ್ ಬ್ರೇಕ್ ಹಾಕು" ಅಂತ ಹೇಳಿ, ಗಾಳಿ ಬಿಟ್ಟ "ಪುಸ್" ಶಬ್ದ ಕೇಳಿದ ಮೇಲೆ ಹತ್ತಿರ ಹೋಗಿ.

ಏರ್ ಬ್ರೇಕಿನಲ್ಲಿ ಪೆಡಲ್ ತುಳಿದ ಮೇಲೆ ಗಾಳಿ ಚಕ್ರದವರೆಗೆ ಹೋಗಿ ಹಿಡಿಯೋಕೆ ಸುಮಾರು ಅರ್ಧ ಸೆಕೆಂಡ್. 80ರಲ್ಲಿ ಅದೇ 11 ಮೀಟರ್. ಲೋಡ್ ಹೆಚ್ಚಿದ್ದು, ಡ್ರಮ್ ಕಾದಿದ್ದರೆ ಇನ್ನೂ ಕೆಟ್ಟದು. ಗಾಡಿ ಮುಂದೆ ಬಂದು ಕೈ ಅಡ್ಡ ಹಿಡಿದರೆ ನಿಲ್ಲೋ ಮಾತೇ ಇಲ್ಲ, ಬಲಕ್ಕೆ ಎಳೀತಾರೆ, ಬಲಲೇನಿನ ಕಾರು ಸಿಕ್ಕಿಕೊಳ್ಳುತ್ತೆ. ಎಡ ಲೇನಿನಲ್ಲಿ ಇರುವ ಗಾಡಿಗೆ ಮಾತ್ರ ಕೈ ತೋರಿಸಿ. ಬಲ ಲೇನಿನಿಂದ ಕರೆದರೆ ಅವನು ಎರಡು ಲೇನ್ ಕೊಯ್ದು ಬರಬೇಕು, ಅದರ ಹೊಣೆ ಕರೆದವನದು.

ಸೀಟಿ ಊದಿ ಪ್ರಯೋಜನ ಇಲ್ಲ, ಕ್ಯಾಬಿನ್ ಒಳಗೆ ಕೇಳಲ್ಲ. ನಿಮ್ಮ ನಿಮ್ಮಲ್ಲೇ ಎಚ್ಚರಿಸೋಕೆ ಮಾತ್ರ ಸೀಟಿ.

ಡ್ರೈವರ್‌ಗಳಿಗೂ ಒಂದು ಮಾತು: ಕೈ ತೋರಿಸಿದ ಕೂಡಲೇ ಅಲ್ಲೇ ಬ್ರೇಕ್ ಒತ್ತಬೇಡಿ. ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸ್ತಾ ಅಗಲ ಇರುವ ಕಡೆ ಹೋಗಿ ನಿಲ್ಲಿ, ಹಜಾರ್ಡ್ (ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ) ಹಾಕಿ, ರಾತ್ರಿಯಾದರೆ ಹೆಡ್‌ಲೈಟ್ ಡಿಮ್ ಮಾಡಿ ಕ್ಯಾಬಿನ್ ಲೈಟ್ ಹಾಕಿ. 50 ಮೀಟರ್ ಮುಂದೆ ಹೋಗಿ ನಿಂತರೆ ಓಡಿಹೋಗ್ತಿದ್ದಾನೆ ಅಂತ ಪೊಲೀಸರೂ ತಿಳಿಯಬಾರದು.

ಭರಮಸಾಗರ_48:

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಇನ್ನೆರಡು. ಜೀಪಿನ ಮುಂದಿನ ಚಕ್ರ ಯಾವ ಕಡೆ ತಿರುಗಿಸಿಡಬೇಕು? ಕೆಲವರು ಎಡಕ್ಕೆ ಅಂತಾರೆ, ಗುದ್ದಿದರೆ ಗದ್ದೆಗೆ ಹೋಗಲಿ ಅಂತ. ಮತ್ತೆ ಕೋನ್ ಲೆಕ್ಕ ಯಾರೂ ಹೇಳಲಿಲ್ಲ. ಐಮಂಗಲದಿಂದ ದುರ್ಗದವರೆಗೆ ಗಾಳಿಗೆ ಕೋನ್ ನಿಲ್ಲೋದೇ ಇಲ್ಲ, ಹುಡುಗರು ಒಳಗೆ ಕಲ್ಲು ಹಾಕ್ತಾರೆ.

ಟೇಪರ್_ಲೆಕ್ಕ:

ಕಲ್ಲು ಇವತ್ತೇ ನಿಲ್ಲಿಸಿ. ಕಾರು ಕೋನಿಗೆ ಗುದ್ದಿದರೆ ಕೋನ್ ಹಾರಿಹೋಗುತ್ತೆ, ಕಲ್ಲು ಹಾರಿ ಬರೋದು ನಿಮ್ಮ ಮೊಣಕಾಲಿಗೆ ಅಥವಾ ಹಿಂದಿನ ಬೈಕಿನವನ ಮುಖಕ್ಕೆ. ಇಟ್ಟಿಗೆ, ಕಾಂಕ್ರೀಟ್ ತುಂಡೂ ಅಷ್ಟೇ. 750 ಮಿ.ಮೀ ಎತ್ತರದ, ಭಾರದ ರಬ್ಬರ್ ತಳದ ಕೋನ್ ತಗೊಳ್ಳಿ, ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಗಿರಣಿ ಸುಮ್ಮನೆ ಹಾಕಿಲ್ಲವಲ್ಲ. ಸಾಲದಿದ್ದರೆ ತಳಕ್ಕೆ ಮೇಲಿಂದ ಇಳಿಸುವ ರಬ್ಬರ್ ಉಂಗುರ ಸಿಗುತ್ತೆ. ಅದೂ ಇಲ್ಲದಿದ್ದರೆ ಮರಳು ತುಂಬಿದ ಚಿಕ್ಕ ಚೀಲ ತಳದ ಮೇಲೆ, ಗುದ್ದಿದರೆ ಒಡೆದು ಚೆಲ್ಲುವಂಥದ್ದು. ಟ್ರೇಲರ್ ಪಕ್ಕ ಹಾದಾಗ ಬೀಸುವ ಗಾಳಿಯೇ ಹಗುರ ಪ್ಲಾಸ್ಟಿಕ್ ಕೋನನ್ನು ಲೇನಿಗೆ ತಳ್ಳುತ್ತೆ. ಅದನ್ನ ಎತ್ತೋಕೆ ಓಡೋದು ಬೇಡ, ಹೋದರೆ ಹೋಗಲಿ.

ಕೋನ್‌ಗಳ ಓರೆ ಸಾಲು ಎಷ್ಟು ಉದ್ದ ಬೇಕು ಅನ್ನೋ ಲೆಕ್ಕ ಹೀಗೆ. ಮುಚ್ಚುವ ಅಗಲ ಮೀಟರಿನಲ್ಲಿ, ವೇಗ ಗಂಟೆಗೆ ಕಿ.ಮೀನಲ್ಲಿ, ಎರಡನ್ನೂ ಗುಣಿಸಿ 1.6ರಿಂದ ಭಾಗಿಸಿ. ಇದು ಅಮೆರಿಕದ ರಸ್ತೆ ಕಾಮಗಾರಿ ಕೈಪಿಡಿಯ ಸೂತ್ರ, ವೇಗ 70 ದಾಟಿದ ಕಡೆಗೆ. 3.5 ಮೀಟರಿನ ಒಂದು ಲೇನ್, 80 ಕಿ.ಮೀ: 175 ಮೀಟರ್ ಓರೆ ಸಾಲು ಬೇಕು. 100ಕ್ಕೆ ಸುಮಾರು 220. ಅದೂ ಎಚ್ಚರಿಕೆ ಫಲಕ ಬಿಟ್ಟು. ಜೀಪಿನಲ್ಲಿ ಇರುವ ಎಂಟು ಕೋನಿನಿಂದ ಆಗದ ಮಾತು. ಹಾಗಾಗಿ ಲೇನ್ ಮುಚ್ಚುವ ತಪಾಸಣೆಯನ್ನ ಹೆದ್ದಾರಿ ಗಸ್ತು ತಂಡ ಮಾಡಲೇಬಾರದು. ರಸ್ತೆ ಅಂಚನ್ನ ಮಾತ್ರ ಬಳಸುವುದಾದರೆ ಅದೇ ಸೂತ್ರದ ಮೂರನೇ ಒಂದು ಭಾಗ ಸಾಕು. ಅಂಚು ಎರಡೂವರೆ ಮೀಟರ್ ಅಂದುಕೊಳ್ಳಿ, 80ಕ್ಕೆ ಸುಮಾರು 42 ಮೀಟರ್: 8 ಮೀಟರಿಗೊಂದರಂತೆ ಆರು ಕೋನ್. ಮೊದಲನೆಯದು ಹುಲ್ಲಿನ ಅಂಚಿಗೆ, ಕೊನೆಯದು ಬಿಳಿ ಗೆರೆಯ ಒಳಗೆ, ಜೀಪಿನ ಬಲ ಮೂಲೆಯ ನೇರಕ್ಕೆ. ಉಳಿದ ಎರಡು ಜೀಪಿನ ಪಕ್ಕಕ್ಕೆ. ಇಡುವಾಗ ಬರುವ ವಾಹನದ ಕಡೆ ಮುಖ ಮಾಡಿ, ಹುಲ್ಲಿನ ಅಂಚಿನಿಂದ ಶುರು. ತೆಗೆಯುವಾಗ ಉಲ್ಟಾ, ಜೀಪಿನ ಹತ್ತಿರದ್ದು ಮೊದಲು, ಹುಲ್ಲಿನಂಚಿನದು ಕೊನೆಗೆ. ಹೆಚ್ಚಿನವರು ತೆಗೆಯುವಾಗಲೇ ಬೆನ್ನು ಹಾಕ್ತಾರೆ, ಡ್ಯೂಟಿ ಮುಗೀತು ಅನ್ನೋ ಅವಸರ.

ಚಕ್ರದ ಪ್ರಶ್ನೆಗೆ: ನಿಯಮ ಒಂದೇ, ಜನ ಇರುವ ಕಡೆಯಿಂದ ಬೇರೆ ಕಡೆಗೆ. ಚಾಲಕನನ್ನ ಎಡಕ್ಕೆ ಇಳಿಸಿ ಮಾತಾಡಿಸ್ತಿದ್ದರೆ ಚಕ್ರ ಎಡಕ್ಕೆ ತಿರುಗಿಸಿದ ಜೀಪು ಅವರ ಮೇಲೇ ಬರುತ್ತೆ. ಆಗ ಬಲಕ್ಕೆ.

ಕೋಟೆ_ಕಾವಲು:

ಬಲಕ್ಕೆ ಅನ್ನೋದನ್ನ ಒಪ್ಪಲ್ಲ. ಜೀಪು ಓಡುವ ಲೇನಿಗೆ ಬಂದರೆ ಇನ್ನೊಂದು ಗಾಡಿ ಅದಕ್ಕೆ ಗುದ್ದಿ ಸರಪಳಿ ಶುರುವಾಗುತ್ತೆ. ಜನರನ್ನ ಜೀಪಿನಿಂದ ಮುಂದಕ್ಕೆ 15–20 ಮೀಟರ್, ತಡೆದ ವಾಹನಕ್ಕೂ ಮುಂದೆ, ಕ್ರ್ಯಾಶ್ ಬ್ಯಾರಿಯರ್ ಆಚೆ ಕರೆದುಕೊಂಡು ಹೋಗಿ ಚಕ್ರ ಎಡಕ್ಕಿಡಿ. ಬ್ಯಾರಿಯರ್ ಹಿಂದೆ ನಿಲ್ಲುವಾಗ ಅದಕ್ಕೆ ಒರಗಬಾರದು. ಆ ಕಬ್ಬಿಣದ ಪಟ್ಟಿ ಗುದ್ದಿದಾಗ ಬಗ್ಗಬೇಕು ಅಂತಲೇ ಮಾಡಿರೋದು, ಒಂದೂವರೆ ಮೀಟರ್ ಹಿಂದೆ ಇರಿ. ಅದು ಶುರುವಾಗುವ ತುದಿಯ ಹತ್ತಿರವಂತೂ ಬೇಡ.

ಟೇಪರ್_ಲೆಕ್ಕ:

ಬ್ಯಾರಿಯರ್ ಇದ್ದ ಕಡೆ ನೀವು ಹೇಳಿದ್ದು ಸರಿ. ಇಲ್ಲದ ಕಡೆ, ಎಡಕ್ಕೆ ತಗ್ಗು ಇದ್ದು ಜನ ಜೀಪಿನ ಪಕ್ಕದಲ್ಲೇ ಉಳಿಯಬೇಕಾದರೆ ಬಲಕ್ಕೇ. ಎರಡರಲ್ಲೂ ಒಂದು ಸಮಾನ: ಚಲನ್ ಬರೆಯೋಕೆ ಜೀಪಿನೊಳಗೆ ಬಾಗಿಲು ತೆಗೆದು ಕಾಲು ಹೊರಗೆ ಚಾಚಿ ಕೂರೋದು ನಿಲ್ಲಬೇಕು. ಗುದ್ದು ಬೀಳೋದು ಮೊದಲು ಆ ಜೀಪಿಗೇ.

ಕಲಂ_130:

ಕಾನೂನಿನ ಭಾಗ ಚಿಕ್ಕದು, ಆದರೆ ಜೀವ ಹೋಗೋದಕ್ಕೆ ಅದನ್ನ ತಪ್ಪು ತಿಳಿಯೋದೂ ಕಾರಣ.

ಮೋಟಾರು ವಾಹನ ಕಾಯ್ದೆ 1988ರ ಕಲಂ 130ರಂತೆ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಲೈಸೆನ್ಸ್ ತೋರಿಸಬೇಕು. ವಾಹನ ನಿಲ್ಲಿಸಬೇಕು ಅನ್ನುವ ಕಲಂ 132ರಲ್ಲಿ ಮಾತ್ರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು ಅಂತ ಇದೆ. ಆದ್ದರಿಂದ ಹೋಂಗಾರ್ಡ್ ಒಬ್ಬನೇ ಹೆದ್ದಾರಿಗೆ ಇಳಿದು ಕೈ ಅಡ್ಡ ಹಿಡಿಯೋದು ಎರಡು ಕಡೆಯಿಂದಲೂ ತಪ್ಪು. ಆದೇಶ ಪಾಲಿಸದಿದ್ದರೆ ಕಲಂ 179ರಡಿ 2,000 ರೂಪಾಯಿವರೆಗೆ ದಂಡ ಇದೆ. ಆ 2,000ಕ್ಕೆ ಯಾರೂ ಬಾನೆಟ್ ಮೇಲೆ ಬೀಳಬೇಕಾಗಿಲ್ಲ.

ನಿಲ್ಲಿಸದೆ ಹೋದರೆ: ನಂಬರ್, ಬಣ್ಣ, ಮಾದರಿ, ಯಾವ ಕಡೆ ಹೋಯ್ತು, ಕಿಲೋಮೀಟರ್ ಕಲ್ಲಿನ ಸಂಖ್ಯೆ. ಈ ಐದನ್ನ ವೈರ್‌ಲೆಸ್‌ನಲ್ಲಿ ಕಂಟ್ರೋಲ್ ರೂಮಿಗೆ. ಹಿರಿಯೂರು ಕಡೆ ಹೋಗ್ತಿದ್ದರೆ ಗುಯಿಲಾಳು ಟೋಲ್, ದಾವಣಗೆರೆ ಕಡೆಯಾದರೆ ಹೆಬ್ಬಾಳು ಟೋಲ್‌ನಲ್ಲಿ ಹಿಡಿಯಲಿ. ಅಲ್ಲಿ ವೇಗ ತಾನೇ ಇಳಿಯುತ್ತೆ, ಬೆಳಕಿದೆ, ಕ್ಯಾಮೆರಾ ಇದೆ. ಕುಡಿದು ಓಡಿಸುವವರ ತಪಾಸಣೆಯನ್ನೂ ಅಂಥ ಕಡೆ ಅಥವಾ ಊರೊಳಗಿನ ಬೆಳಕಿರುವ ಸರ್ಕಲ್‌ನಲ್ಲಿ ಮಾಡಿ. ನಡುರಾತ್ರಿ ಬಯಲಿನಲ್ಲಿ ಬೇಡವೇ ಬೇಡ. 100 ಮಿ.ಲೀ ರಕ್ತಕ್ಕೆ 30 ಮಿ.ಗ್ರಾಂ ದಾಟಿದವನನ್ನ ಓಡುವ ರಸ್ತೆ ಪಕ್ಕ ನಿಲ್ಲಿಸಿಕೊಂಡು ಊದಿಸೋದು ಅವನಿಗೂ ಅಪಾಯ, ಅವನು ತೂರಾಡಿ ಲೇನಿಗೆ ಹೋದರೆ ಹಿಡಿಯೋಕೆ ಹೋಗುವ ನಿಮಗೂ ಅಪಾಯ.

2025ರ ಮೇನಲ್ಲಿ ಮಂಡ್ಯದಲ್ಲಿ ಬೈಕ್ ತಡೆದ ವೇಳೆ ಮಗು ಬಿದ್ದು ಸತ್ತ ಮೇಲೆ ರಾಜ್ಯ ಪೊಲೀಸ್ ಮಹಾನಿರ್ದೇಶಕರಿಂದ ಸೂಚನೆ ಬಂದಿದೆ: ಕಾರಣವಿಲ್ಲದೆ ದಿಢೀರ್ ತಡೆಯಬಾರದು, ಕೀ ಕಿತ್ತುಕೊಳ್ಳಬಾರದು, ಬೆನ್ನಟ್ಟಬಾರದು, ಹೆದ್ದಾರಿಯಲ್ಲಿ ಅಂಕುಡೊಂಕಾಗಿ ಬ್ಯಾರಿಕೇಡ್ ಇಡಬಾರದು. ಸವಾರರ ಸುರಕ್ಷತೆಗೆ ಅಂತ ಬಂದರೂ ಪ್ರತಿಯೊಂದೂ ಪೊಲೀಸರನ್ನೂ ಉಳಿಸುತ್ತೆ. ಕೀಗೆ ಅಂತ ಕಿಟಕಿಯೊಳಗೆ ಕೈ ಹಾಕಿದವನನ್ನ ಕಾರು ಎಳೆದುಕೊಂಡು ಹೋಗುತ್ತೆ. ಹಾಗೆಯೇ ಬೈಕ್ ಹ್ಯಾಂಡಲ್ ಹಿಡಿದವನು ಬೈಕ್ ಜೊತೆಗೇ ಬೀಳ್ತಾನೆ.

ಯಾರಾದರೂ ಬೇಕಂತಲೇ ಮೈಮೇಲೆ ವಾಹನ ನುಗ್ಗಿಸಿದರೆ ಅದು ಟ್ರಾಫಿಕ್ ಕೇಸಲ್ಲ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲಿನ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 132 ಇದೆ, ಗಾಯವಾದರೆ 121. ಅದರಲ್ಲಿ ತೀವ್ರ ಗಾಯಕ್ಕೆ 1ರಿಂದ 10 ವರ್ಷ ಜೈಲು. ಎರಡು ಬೇರೆ ಕಾಯ್ದೆಗಳ 132 ಒಂದಕ್ಕೊಂದು ಬೆರೆಸಿ ದೂರು ಬರೆಯಬೇಡಿ. ಬಾಡಿ ಕ್ಯಾಮೆರಾ ಇದ್ದರೆ ಕೈ ತೋರಿಸುವ ಮೊದಲೇ ಆನ್ ಆಗಿರಲಿ, ಗಲಾಟೆ ಶುರುವಾದ ಮೇಲೆ ಒತ್ತೋಕೆ ನೆನಪಾಗಲ್ಲ.

ಭರಮಸಾಗರ_48:

ಚಕ್ರದ ವಿಷಯ ಇಬ್ಬರು ಹೇಳಿದ್ದನ್ನೂ ಬ್ಯಾರಿಯರ್ ಇದ್ದ ಕಡೆ, ಇಲ್ಲದ ಕಡೆ ಅಂತ ಎರಡು ಚಿತ್ರ ಬರೆದು ಹಾಕ್ತೀನಿ. ಕೋನಿನ ರಬ್ಬರ್ ಉಂಗುರ ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಹಾಕಿ.

ಟೇಪರ್_ಲೆಕ್ಕ:

ಸುರಕ್ಷತಾ ಸಾಮಗ್ರಿ ಮಾರುವ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಕೋನಿನ ತಳದ ಅಳತೆ ಬರೆದುಕೊಂಡೇ ಹೋಗಿ. ಎಲ್ಲ ಕಂಪನಿಯ ತಳವೂ ಒಂದೇ ಗಾತ್ರ ಇರಲ್ಲ, ಉಂಗುರ ಸಡಿಲವಾದರೆ ಕೋನ್ ಬಿದ್ದಾಗ ಅದೇ ಉರುಳಿ ಲೇನಿಗೆ ಹೋಗುತ್ತೆ.